ತಿರುವಿನಲ್ಲಿ ಒಂದು ಲಿಂಬೆಹಣ್ಣು

ಬೊರಿವಲಿ
12-7-1970

ನೀಲಾಬಾಯಿಯವರಿಗೆ ದೇವಕ್ಕ ಬರೆಯುವುದು.

ಕಾಗದ ಬರೆಯಬಾರದೆಂದೇ ಇದ್ದೆ. ಆದರೆ ನನ್ನ ಶ್ಯಾವಿಗೆ ಮಣೆ ನಿಮ್ಮ ಮನೆಯ ಅಟ್ಟದ ಮೇಲೆ ಉಳಿದಿದೆ. ಅದು ನನ್ನ ತವರಿನದು, ಬೈಲಹೊಂಗಲದ ಬಡಿಗೇರರು ಮಾಡಿದ್ದು. ನಿಮ್ಮ ಮನೆಯವರು ಬೆಳಿಗ್ಗೆಯ ಲೋಕಲ್‌ನಲ್ಲಿ ನಮ್ಮವರನ್ನು ಕಾಣುತ್ತಾರಂತೆ. ಅವರ ಕೈಯಲ್ಲಿ ಕೊಟ್ಟು ಕಳಿಸಿದರೆ ಸಾಕು, ನೀವು ಬರುವ ತೊಂದರೆ ಬೇಡ.

ನಾವು ಹೇಳದೆ ಕೇಳದೆ ಓಣಿ ಬಿಟ್ಟು ಬಂದದ್ದೇಕೆಂದು ಗಂಗುಬಾಯಿ ಮೊದಲಾದವರು ಕೇಳುತ್ತಿರಬಹುದು. ನೀವು ಕೇಳಲಿಕ್ಕಿಲ್ಲ, ನಿಮಗೆ ಗೊತ್ತೇ ಇದೆ. ಆದರೂ ಬಾಯಿಬಿಟ್ಟು ಹೇಳಿಬಿಡುತ್ತೇನೆ, ಮನಸ್ಸಿನಲ್ಲಿಟ್ಟುಕೊಂಡು ಕೊರಗುವುದು ನನಗೆ ಬರುವುದಿಲ್ಲ. ಮೇ ತಿಂಗಳಲ್ಲಿ ಒಂದು ನಸುಕಿಗೆ ಹಾಲಿನವನ ದಾರಿ ಕಾಯುತ್ತ ಬಾಗಿಲಲ್ಲಿ ನಿಂತಿದ್ದೆ. ನೀವು ಮನೆಯಿಂದ ಬಂದು, ಮೂರು ದಾರಿ ಕೂಡುವ ತಿರುವಿನಲ್ಲಿ, ನಮ್ಮ ಬಾಗಿಲಿಗೆ ಎದುರಾಗಿ, ಎಲೆಯ ಮೇಲೆ ಕೆಂಪನ್ನ, ಲಿಂಬೆಹಣ್ಣು, ಒಡೆದ ತೆಂಗಿನಕಾಯಿ ಇಟ್ಟು ಹಿಂದಿರುಗಿ ನೋಡದೆ ಹೋದಿರಿ. ಯಾರಿಗೋ ನಿವಾಳಿಸಿದ್ದನ್ನು ತಂದು ನಮ್ಮೆದುರಿಗೆ ಇಟ್ಟಿರಿ. ಅದೇ ವಾರ ಸೇವಂತಿ ಹಾಸಿಗೆ ಹಿಡಿದಳು.

ಡಾಕ್ಟರರು ಟೈಫಾಯ್ಡ್ ಅಂದರು. ಕೂಸು ಬದುಕಿ ಉಳಿದದ್ದು ನಮ್ಮ ಪುಣ್ಯ. ಕೂದಲೆಲ್ಲ ಉದುರಿ ಕೊನೆಗೆ ತಲೆ ಬೋಳಿಸಬೇಕಾಯಿತು. ದಿನಾ ಬೆಳಿಗ್ಗೆ ನೀವೇ ಹೆಣೆಯುತ್ತಿದ್ದ ಜಡೆ ಅದು.

ಮಣೆಯನ್ನು ಮರೆಯದೆ ಕಳಿಸುವುದು.

ಇಂತಿ,
ದೇವಕ್ಕ


ಮಲಾಡ
19-7-1970

ದೇವಕ್ಕ,

ನೀನು ನನ್ನನ್ನು ‘ನೀವು’ ಅಂದದ್ದನ್ನು ಓದಿ, ನಮ್ಮ ಅತ್ತೆಯೇನಾದರೂ ಊರಿನಿಂದ ಬಂದು ಹಿಂದೆ ನಿಂತಿದ್ದಾರೋ ಎಂದು ತಿರುಗಿ ನೋಡಿದೆ. ಎಂಟು ವರ್ಷ ಎದುರುಬದುರು ಮನೆಯಲ್ಲಿದ್ದು, ಒಬ್ಬರ ಸಾರು ಇನ್ನೊಬ್ಬರು ಉಂಡು, ಈಗ ನಾನು ‘ನೀವು’ ಆದೆ. ಆಗಲಿ.

ಇಟ್ಟವಳು ನಾನೇ. ನೀನು ನೋಡಿದ ದಿನ ಒಂದೇ ಅಲ್ಲ, ದಿನಾಲೂ ಇಡುತ್ತೇನೆ. ಇವತ್ತೂ ಇಟ್ಟು ಬಂದೇ ಈ ಕಾಗದಕ್ಕೆ ಕುಳಿತಿದ್ದೇನೆ. ಯಾಕೆಂದು ಹೇಳುತ್ತೇನೆ, ಸಿಟ್ಟನ್ನು ಸ್ವಲ್ಪ ಬದಿಗಿಟ್ಟು ಓದು.

ಗುಡ್ಡದ ಖಣಿಯಿಂದ ಖಡಿಕಲ್ಲು ತುಂಬಿದ ಟ್ರಕ್ಕುಗಳು ಈ ವರ್ಷ ನಮ್ಮ ಓಣಿಯನ್ನು ಹೆದ್ದಾರಿಗೆ ಅಡ್ಡದಾರಿ ಮಾಡಿಕೊಂಡದ್ದು ನಿನಗೆ ಗೊತ್ತು. ಯುಗಾದಿ ಆದ ಮೇಲೆ ಒಂದು ಬೆಳಿಗ್ಗೆ ಸೇವಂತಿ ಎಂದಿನಂತೆ ಜಡೆ ಹಾಕಿಸಿಕೊಳ್ಳಲು ನಿಮ್ಮ ಮನೆಯಿಂದ ನಮ್ಮ ಮನೆಗೆ ಬರುತ್ತಿದ್ದಳು. ಬಾಚಣಿಗೆ ಬಾಯಲ್ಲಿ, ರಿಬ್ಬನ್ ಕೈಯಲ್ಲಿ. ತಿರುವಿನಿಂದ ಟ್ರಕ್ಕು ನುಗ್ಗಿತು. ನಾನು ಬಾಗಿಲಲ್ಲಿ ನಿಂತವಳು ಕೂಗಲಿಕ್ಕೂ ಆಗದೆ ನಿಂತೆ. ಕೂಸು ಹಿಂದಕ್ಕೆ ಹಾರಿತು, ಬಾಚಣಿಗೆ ಗಾಲಿಯ ಕೆಳಗೆ ಹೋಯಿತು. ಬಾಚಣಿಗೆ ಕಳೆದುಹೋಯಿತೆಂದು ಹೇಳಿ ನಾನು ಹೊಸದು ಕೊಡಿಸಿದ್ದು ನೆನಪಿದೆಯಲ್ಲ? ನಿಜ ಹೇಳಿದರೆ ನೀನು ಅವಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಬೆಳಗಿನ ಆ ಸ್ವಲ್ಪ ಹೊತ್ತು ಆ ತಲೆ ನನ್ನ ಮಡಿಲಲ್ಲಿ ಇರುವುದೂ ತಪ್ಪಿಹೋಗುತ್ತಿತ್ತು.

ನಮ್ಮವರು ಅರ್ಜಿ ಬರೆದರು. ಅವರ ಸ್ವಭಾವ ನಿನಗೆ ಗೊತ್ತಲ್ಲ, ಸೊಳ್ಳೆ ಕಡಿದರೂ ಅರ್ಜಿ ಬರೆಯುವವರು. ತಿರುವಿನಲ್ಲಿ ನಿಲ್ಲಬೇಕೆಂಬ ಒಂದು ಬೋರ್ಡು, ಓಣಿಯಲ್ಲಿ ಗಾಡಿಯ ವೇಗಕ್ಕೆ ಒಂದು ಮಿತಿ, ಇಷ್ಟೇ ಕೇಳಿದ್ದು. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಪರಿಶೀಲನೆ ನಿಧಾನವಾಗಿ ಹೋಗುತ್ತದೆ, ಟ್ರಕ್ಕು ಹಾಗೆ ಹೋಗುವುದಿಲ್ಲ.

ಆ ಅಮಾವಾಸ್ಯೆಗೆ ಗಂಗುಬಾಯಿ ತನ್ನ ಮೊಮ್ಮಗನಿಗೆ ದೃಷ್ಟಿ ತೆಗೆದು ತಿರುವಿನಲ್ಲಿ ಇಟ್ಟಳು. ಮರುದಿನ ನೋಡುತ್ತೇನೆ, ಭರದಿಂದ ಬಂದ ಟ್ರಕ್ಕು ಅಲ್ಲಿ ಬ್ರೇಕು ಹಾಕಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ, ಕೈ ಮುಗಿದ, ಹಿಂದೆ ಸರಿದು ಗೋಡೆಯ ಬದಿಯಿಂದ ಗಾಡಿಯನ್ನು ಹೆಜ್ಜೆ ಹಾಕಿಸಿದ. ಅವನ ಹಿಂದಿನ ಗಾಡಿಯೂ ಹಾಗೆಯೇ ಮಾಡಿತು. ಕಸ ಗುಡಿಸುವವಳು ಕೂಡ ಅದನ್ನು ಮುಟ್ಟಲಿಲ್ಲ, ಸಂಜೆಯವರೆಗೂ ಇತ್ತು. ಅರ್ಜಿಯಿಂದ ಆಗದ್ದು ಲಿಂಬೆಹಣ್ಣಿನಿಂದ ಆಯಿತು. ಅಂದಿನಿಂದ ನಾನು ಹಿಡಿದೆ.

ದೇವಕ್ಕ, ಅದನ್ನು ನಾನು ಯಾರ ಮುಖಕ್ಕೂ ನಿವಾಳಿಸಿಲ್ಲ. ಬರಿ ಅನ್ನ, ಬರಿ ಕುಂಕುಮ, ಬರಿ ಹಣ್ಣು. ಅದಕ್ಕೆ ಮಂತ್ರವೂ ಇಲ್ಲ, ದೆವ್ವವೂ ಇಲ್ಲ. ನಿನ್ನ ಮಗಳ ಸಲುವಾಗಿ ಇಟ್ಟದ್ದು, ನಿನ್ನ ಮಗಳ ಮೇಲೆ ಇಟ್ಟದ್ದಲ್ಲ. ಅವಳು ಜ್ವರದಲ್ಲಿ ಮಲಗಿದಾಗ ನೀನು ಬಾಗಿಲು ತೆರೆಯಲಿಲ್ಲ. ಯಾಕೆ ತೆರೆಯಲಿಲ್ಲವೆಂದು ಈಗ ತಿಳಿಯಿತು.

ಒಂದೇ ಬೇಡಿಕೆ. ಇದನ್ನು ಯಾರಿಗೂ ಹೇಳಬೇಡ. ನಿನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಅದಕ್ಕೇ ಆಗ ಹೇಳಿರಲಿಲ್ಲ. ಸುಳ್ಳು ನಿವಾಳಿ ಎಂದು ಒಬ್ಬ ಡ್ರೈವರಿಗೆ ಗೊತ್ತಾದರೂ ಸಾಕು, ನಾಳೆಯಿಂದ ಗಾಡಿಗಳು ಅದರ ಮೇಲೆಯೇ ಹೋಗುತ್ತವೆ.

ಮಣೆಯ ವಿಷಯ. ಈ ಗರ್ದಿಯ ಲೋಕಲ್‌ಗೆ ಅದನ್ನು ಹೊತ್ತುಕೊಂಡು ಹತ್ತಿದರೆ ನಮ್ಮವರು ಚರ್ಚ್‌ಗೇಟಿಗೆ ಹೋಗುತ್ತಾರೆ, ಮಣೆ ವಿರಾರಿಗೆ ಹೋಗುತ್ತದೆ. ಬೇಕಾದರೆ ನೀನೇ ಬಂದು ಒಯ್ಯಿ. ಎರಡೇ ಸ್ಟೇಷನ್ನು.

ನಿನ್ನ
ನೀಲಾ


ಬೊರಿವಲಿ
11-8-1970

ನೀಲಾಬಾಯಿಯವರಿಗೆ,

ಜಡೆ ಹೆಣೆಯುವ ಕೈಗೆ ಕಥೆ ಹೆಣೆಯುವುದು ಕಷ್ಟವೇ? ಚೆನ್ನಾಗಿ ಹೆಣೆದಿದ್ದೀರಿ.

ಬಾಚಣಿಗೆಯ ಮಾತು ಓದಿ ಸೇವಂತಿಯನ್ನು ಕರೆದು ಕೇಳಿದೆ. ‘ಅದು ಕಳದು ಹೋತಂತ ನೀಲಾ ಮೌಶಿನೇ ಹೇಳ್ಯಾಳಲ್ಲವ್ವ’ ಅಂದಳು. ಮತ್ತೆ ಕೇಳಿದರೆ ನೆಲ ನೋಡುತ್ತ ನಿಂತಳು. ಕೂಸು ಸುಳ್ಳು ಹೇಳುತ್ತದೆಯೇ? ಗಾಡಿಯೂ ಇಲ್ಲ, ಗಾಲಿಯೂ ಇಲ್ಲ.

ನಮ್ಮವರಿಗೆ ಓದಿ ಹೇಳಿದೆ. ಅವರಿಗೆ ನಿಮ್ಮ ಮನೆಯವರು ಗುರಲಿಂಗಪ್ಪನವರ ಮೇಲೆ ಪ್ರೀತಿ. ‘ಇದ್ರ ಇರಬಹುದು, ಆಕಿ ಅಂಥಾಕಿ ಅಲ್ಲ’ ಅಂದು ಪೇಪರು ಮುಖಕ್ಕೆ ಹಿಡಿದರು. ಗಂಡಸರಿಗೆ ಎಲ್ಲವೂ ಇದ್ದರೆ ಇರಬಹುದು.

ನೀವು ಬರೆದದ್ದು ನಿಜವಾದರೆ ಒಂದು ಕೆಲಸ ಮಾಡಿ. ಸಂಜೆ ಗಂಗುಬಾಯಿಯ ಕಟ್ಟೆಗೆ ಓಣಿಯ ಹೆಂಗಸರೆಲ್ಲ ಕೂಡುತ್ತಾರಲ್ಲ, ಅಲ್ಲಿ ನಿಂತು ಎಲ್ಲರೆದುರು ಹೇಳಿ. ಇಟ್ಟವಳು ನಾನು, ಮಾಟಕ್ಕಲ್ಲ, ಗಾಡಿ ನಿಲ್ಲಿಸುವುದಕ್ಕೆ ಎಂದು. ಆ ಮಾತು ಗಂಗುಬಾಯಿಯ ಬಾಯಿಂದ ನನ್ನ ಕಿವಿಗೆ ಬಿದ್ದ ದಿನವೇ ನಾನು ಸೇವಂತಿಯನ್ನು ಕರೆದುಕೊಂಡು ಬರುತ್ತೇನೆ. ಕದ್ದು ಇಟ್ಟದ್ದನ್ನು ಕದ್ದೇ ಸಮರ್ಥಿಸಿಕೊಂಡರೆ ಯಾರು ನಂಬಬೇಕು?

ಇನ್ನೊಂದು ಮಾತು ಬರೆಯಬಾರದು, ಆದರೂ ಬರೆಯುತ್ತೇನೆ. ನಮ್ಮ ಅತ್ತೆ ಅಂಬವ್ವನವರು ಮಲಾಡಕ್ಕೆ ಬಂದಾಗಲೇ ಅಂದಿದ್ದರು, ‘ಮಕ್ಕಳಿಲ್ಲದಾಕಿ ಕೈಯಾಗ ದಿನಾ ಕೂಸಿನ ತಲಿ ಕೊಡಬ್ಯಾಡ’ ಅಂತ. ಅವತ್ತು ನಾನು ಅವರ ಮೇಲೆ ಸಿಟ್ಟಾಗಿ ಒಂದು ದಿನ ಊಟ ಬಿಟ್ಟಿದ್ದೆ. ಇವತ್ತು ಯಾರ ಮೇಲೆ ಸಿಟ್ಟಾಗಲಿ?

ಪಂಚಮಿಗೆ ಉಂಡಿ ಕಟ್ಟಿದ್ದೆ. ಕಳಿಸಲು ಮನಸ್ಸಾಗಲಿಲ್ಲ.

ಇಂತಿ,
ದೇವಕ್ಕ


ಮಲಾಡ
8-9-1970

ದೇವಕ್ಕ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರಕ್ಕೆ ಕುಳಿತಾಗಲೆಲ್ಲ ಆ ಮಾತಿನ ಹತ್ತಿರ ಬಂದು ಎದ್ದುಬಿಡುತ್ತಿದ್ದೆ. ನೋವಾಯಿತು, ಬಹಳ ನೋವಾಯಿತು. ಅದನ್ನು ಬೇರೆಯವರು ನನಗೆ ಎಷ್ಟೋ ಸಲ ಅಂದಿದ್ದಾರೆ, ಅಂದವರ ಮನೆಯ ಕೂಸಿಗೆ ಹೆಸರಿಡುವ ಬಾರಸಕ್ಕೆ ಹೋಗಿ ತೊಟ್ಟಿಲನ್ನೂ ತೂಗಿ ಬಂದಿದ್ದೇನೆ. ನೀನು ಅಂದೆಯಲ್ಲ ಎಂಬುದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ.

ನೀನು ಹೇಳಿದಂತೆ ಗಂಗುಬಾಯಿಯ ಕಟ್ಟೆಗೆ ಹೋದೆ. ಹೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಮಕ್ಕಳು ಓಣಿಯಲ್ಲಿ ಲಗೋರಿ ಆಡುತ್ತಿದ್ದವು. ನಾನು ಬಾಯಿ ತೆರೆಯುವುದಕ್ಕೂ ಗಂಗುಬಾಯಿಯ ಮೊಮ್ಮಗ ಚೆಂಡಿನ ಹಿಂದೆ ತಿರುವಿಗೆ ಓಡುವುದಕ್ಕೂ ಸರಿಯಾಯಿತು. ಟ್ರಕ್ಕು ಬಂತು. ಎಲೆ ನೋಡಿ ನಿಂತಿತು. ಹುಡುಗ ಚೆಂಡು ಹೆಕ್ಕಿಕೊಂಡು ಕೇಕೆ ಹಾಕುತ್ತ ಹಿಂದಿರುಗಿದ. ಗಂಗುಬಾಯಿ ಅವನನ್ನು ನೋಡಲಿಲ್ಲ, ಎಲೆಯನ್ನು ನೋಡಿದಳು. ‘ಬಘಾ, ನೋಡ್ರಿ, ಯಾರ ಪೀಡಾನೋ ಏನೋ, ಡ್ರೈವರ್ ಸುದ್ಧಾ ಘಾಬರಿ ಆಗ್ತಾನ’ ಅಂದಳು.

ನಾನು ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಕಟ್ಟೆಗೆ ಹೇಳಿದರೆ ರಾತ್ರಿ ಊಟದ ಹೊತ್ತಿಗೆ ಗಂಡಂದಿರಿಗೆ ಗೊತ್ತಾಗುತ್ತದೆ, ಬೆಳಿಗ್ಗೆ ಪಾನ್ ಅಂಗಡಿಗೆ ಹೋಗುತ್ತದೆ, ಅಲ್ಲಿ ನಿಲ್ಲುವವರೆಲ್ಲ ಡ್ರೈವರುಗಳೇ. ನಿನ್ನನ್ನು ಪಡೆಯಬೇಕಾದರೆ ಆ ಹುಡುಗನನ್ನು ಗಾಲಿಗೆ ಒಡ್ಡಬೇಕು. ನೀನೇ ಹೇಳು, ಹೇಗೆ ಮಾಡಲಿ? ನಿನ್ನ ಮಗಳು ಈ ಓಣಿಯಲ್ಲಿ ಇಲ್ಲ ನಿಜ, ಉಳಿದವರ ಮಕ್ಕಳು ಇದ್ದಾವಲ್ಲ.

ಇಡುವವಳು ನಾನೆಂದು ಈಗ ಓಣಿಗೆಲ್ಲ ಗೊತ್ತು. ಯಾರಿಂದ ಗೊತ್ತಾಯಿತೆಂದು ಕೇಳುವುದಿಲ್ಲ. ಶ್ರಾವಣದ ಕೊನೆಯ ಶುಕ್ರವಾರ ಅರಿಷಿಣ ಕುಂಕುಮಕ್ಕೆ ಮನೆಮನೆಗೆ ಹೋಗಿ ಕರೆದು ಬಂದೆ. ‘ಬರ್ತೀವಿ ತಗೋರಿ’ ಎಂದು ಎಲ್ಲರೂ ಅಂದರು. ಪುಟಾಣಿ ಸಕ್ಕರೆ, ಹೂವು, ಉಡಿಯ ಸಾಮಾನು ಹರಿವಾಣದಲ್ಲಿಟ್ಟುಕೊಂಡು ದೀಪದ ಹೊತ್ತಿನವರೆಗೆ ಕುಳಿತಿದ್ದೆ. ಒಬ್ಬರೂ ಬರಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

ನಮ್ಮವರು ಆಫೀಸಿನಿಂದ ಬಂದು ಹಾಗೇ ಇದ್ದ ಹರಿವಾಣ ನೋಡಿ ಕೇಳಿದರು. ಅವರಿಗೂ ಎಲ್ಲ ಹೇಳಿಬಿಟ್ಟೆ. ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು, ‘ನಾ ಸರಕಾರಕ್ಕ ಅರ್ಜಿ ಬರಿಯೂ ಓಣ್ಯಾಗ ನೀ ದೆವ್ವಕ್ಕ ಅರ್ಜಿ ಹಾಕೀಯೇನು?’ ಅಂದರು. ಕಲ್ಲಿಗೂ ಕೈ ಮುಗಿಯದ ಮನುಷ್ಯರು. ಆದರೆ ಮರುದಿನ ಸಂಜೆ ಅವರು ತಂದ ಕಾಯಿಪಲ್ಯದ ಚೀಲ ಸುರುವಿದರೆ ಬದನೆಕಾಯಿಯ ನಡುವೆ ಲಿಂಬೆಹಣ್ಣು ಉರುಳಿದವು. ಈಗ ಹಣ್ಣು ತರುವುದು ಅವರ ಕೆಲಸ. ಆ ವಿಷಯ ನಾವು ಮಾತಾಡುವುದಿಲ್ಲ.

ನೀನು ನಂಬಬೇಡ, ನಡೆಯುತ್ತದೆ. ಸುಮ್ಮನೆ ಇದ್ದುಬಿಡು, ಅಷ್ಟು ಸಾಕು. ಸೇವಂತಿಯ ತಲೆಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು, ಕೂದಲು ದಟ್ಟವಾಗಿ ಬರುತ್ತದೆ.

ನಿನ್ನ
ನೀಲಾ


ಮಲಾಡ
16-1-1971

ದೇವಕ್ಕ,

ನೀನು ಉತ್ತರ ಬರೆಯಲಿಲ್ಲ. ದಸರೆಗೆ ಬನ್ನಿ ಬರಲಿಲ್ಲ, ದೀಪಾವಳಿಗೆ ಒಂದು ಕಾರ್ಡೂ ಇಲ್ಲ. ಆದರೂ ಸಂಕ್ರಾಂತಿ ಸುಮ್ಮನೆ ಕೂಡ್ರಗೊಡಲಿಲ್ಲ. ನಮ್ಮವರ ಕೈಯಲ್ಲಿ ನಿಮ್ಮ ಮನೆಯವರು ಅಣವೀರಪ್ಪನವರಿಗೆ ಕುಸುರೆಳ್ಳಿನ ಡಬ್ಬಿ ಕೊಟ್ಟು ಕಳಿಸಿದ್ದೇನೆ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು ಎಂದು ಬಾಯಿಂದ ಹೇಳುವ ಪದ್ಧತಿ, ಕಾಗದದಲ್ಲಿ ಹೇಳಿದ್ದೇನೆ.

ಸುದ್ದಿ ಏನೆಂದರೆ, ಬೋರ್ಡು ಬಂತು. ನಮ್ಮವರ ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ, ಹೊಸವರ್ಷದ ವಾರದಲ್ಲಿ ಇಬ್ಬರು ಆಳುಗಳು ಬಂದು ತಿರುವಿನಲ್ಲಿ ಗುಂಡಿ ತೋಡಿ ಕಂಬ ನೆಟ್ಟರು. ಮೇಲೆ ಕೆಂಪು ಬಣ್ಣದಲ್ಲಿ ಮರಾಠಿಯಲ್ಲಿ ‘ಥಾಂಬಾ’, ನಿಲ್ಲಿರಿ ಎಂದು, ಅದರ ಕೆಳಗೆ ತಾಸಿಗೆ ಇಪ್ಪತ್ತು ಕಿಲೋಮೀಟರಿನ ಮಿತಿ. ನಮ್ಮವರು ಅವತ್ತು ಅರ್ಧ ದಿನ ರಜೆ ಹಾಕಿ ಎದುರಿಗೆ ನಿಂತು ನೋಡಿದರು. ಮಗನ ಮದುವೆಯಾದವರ ಹಾಗೆ ಓಣಿಗೆಲ್ಲ ಪೇಢೆ ಹಂಚಿದರು. ಪೇಢೆಯನ್ನು ಎಲ್ಲರೂ ತೆಗೆದುಕೊಂಡರು, ಅವರ ಕೈಯಿಂದ.

ಅವತ್ತೇ ಸಂಜೆ ಹಾಲು ಮಾರುವ ತಬೇಲೆಯ ಭಯ್ಯಾ ಆ ಕಂಬಕ್ಕೆ ಎಮ್ಮೆ ಕಟ್ಟಿದ. ಥಾಂಬಾ ಎಂದು ಬರೆದದ್ದಕ್ಕೆ ನಿಂತದ್ದು ಆ ಎಮ್ಮೆ ಒಂದೇ. ನಾನು ಪರೀಕ್ಷೆಗೆಂದು ಮರುದಿನ ಲಿಂಬೆಹಣ್ಣು ಇಟ್ಟಿರಲಿಲ್ಲ. ಟ್ರಕ್ಕುಗಳು ಬೋರ್ಡಿನ ಮುಂದೆ ಹಿಂದಿನಂತೆಯೇ ನುಗ್ಗಿದವು. ನಮ್ಮವರ ಮುಖ ನೋಡಲಾಗಲಿಲ್ಲ.

ಅವುಗಳಲ್ಲಿ ಒಂದು ಗಾಡಿಯನ್ನು ಹಣಮಂತ ಎಂಬವನು ಓಡಿಸುತ್ತಾನೆ, ಬಾಗಲಕೋಟೆಯ ಕಡೆಯವನು. ಪಾನ್ ಅಂಗಡಿಯಲ್ಲಿ ನಿಂತಿದ್ದಾಗ ಹೋಗಿ ಕೇಳಿದೆ. ‘ಏನಪಾ ತಮ್ಮಾ, ಲಿಂಬಿಹಣ್ಣಿಗೆ ನಿಂದರ್ತಿ, ಇಷ್ಟ ದೊಡ್ಡ ಬೋರ್ಡಿಗೆ ನಿಂದರೂದಿಲ್ಲೇನು?’ ಎಂದೆ. ಅವನು ನಕ್ಕು, ‘ಬೋರ್ಡು ಸರಕಾರದ್ದು ಅಂತ ಗೊತ್ತದರಿ ಅವ್ವಾರ. ಲಿಂಬಿಹಣ್ಣು ಯಾರದಂತ ಗೊತ್ತಿಲ್ಲಲ್ರಿ’ ಅಂದ.

ಮನೆಗೆ ಬಂದು ಹೇಳಿದೆ. ನಮ್ಮವರೇ, ‘ಹಂಗಾದ್ರ ಹಣ್ಣನ್ನ ಬೋರ್ಡಿನ ಬುಡಕ ಇಡು’ ಅಂದರು. ಈಗ ಎರಡೂ ಒಂದೇ ಜಾಗದಲ್ಲಿವೆ. ಡ್ರೈವರು ಕೆಳಗೆ ಹಣ್ಣು ನೋಡಿ ನಿಲ್ಲುತ್ತಾನೆ, ತಲೆ ಎತ್ತಿದರೆ ಬೋರ್ಡು. ರೂಢಿಯಾಗಲಿ ಎಂದು ಕಾಯುತ್ತಿದ್ದೇವೆ. ಸರಕಾರಕ್ಕೂ ದೆವ್ವಕ್ಕೂ ಕೂಡಿಯೇ ಅರ್ಜಿ ಹಾಕಿದಂತಾಯಿತು.

ಮಣೆ ಅಟ್ಟದ ಮೇಲೆಯೇ ಇದೆ. ಹೋದ ಬೇಸಿಗೆಯಲ್ಲಿ ನೀನು ಹೊಸೆದು ನಾನು ಒಣಹಾಕಿದ ಶ್ಯಾವಿಗೆ ಇನ್ನೂ ಒಂದು ಹಿಡಿ ಉಳಿದಿದೆ. ಅದನ್ನು ಬಸಿಯಲು ಕೈ ಬರುತ್ತಿಲ್ಲ.

ನಿನ್ನ
ನೀಲಾ


ಬೊರಿವಲಿ
7-3-1971

ನೀಲಾ,

ಕುಸುರೆಳ್ಳು ತಲುಪಿತ್ತು. ಡಬ್ಬಿಯನ್ನು ತೆರೆಯದೆ ಗೂಡಿನಲ್ಲಿ ಇಟ್ಟುಬಿಟ್ಟಿದ್ದೆ. ಈ ವಾರ ತೆರೆದೆವು, ನಾನೂ ಸೇವಂತಿಯೂ ಕುಳಿತು ತಿಂದೆವು.

ಹೇಗೆ ಬರೆಯಬೇಕೋ ತಿಳಿಯದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸೇವಂತಿ ದಿನಾ ತಡವಾಗಿ ಬರುತ್ತಾಳೆಂದು ಶಾಲೆಯಿಂದ ಹೇಳಿ ಕಳಿಸಿದರು. ನಾನು ವೇಳೆಗೆ ಸರಿಯಾಗಿ ಕಳಿಸುತ್ತೇನೆ, ಶಾಲೆಯೂ ಕೂಗಳತೆಯ ದೂರ. ಎಲ್ಲಿ ಆಡುತ್ತ ನಿಲ್ಲುತ್ತಾಳೋ ನೋಡಿಯೇಬಿಡೋಣ ಎಂದು ಸಿಟ್ಟಿನಿಂದ ಹಿಂದೆಯೇ ಹೋದೆ. ನಮ್ಮ ಬಿಲ್ಡಿಂಗಿನ ಮುಂದಿನ ರಸ್ತೆಯ ಅಂಚಿಗೆ ಹೋಗಿ ನಿಂತಳು. ಇಲ್ಲಿ ಎಲ್ಲ ಕಡೆ ಹೊಸ ಬಿಲ್ಡಿಂಗು ಏಳುತ್ತಿವೆ. ಇಟ್ಟಿಗೆ, ಮರಳಿನ ಟ್ರಕ್ಕು ಒಂದರ ಹಿಂದೆ ಒಂದು. ಉಳಿದ ಮಕ್ಕಳು ಸಂದು ಸಿಕ್ಕಲ್ಲಿ ಓಡಿ ದಾಟಿದರು. ಇವಳು ಪಾಟಿಚೀಲ ಎದೆಗೆ ಅವಚಿಕೊಂಡು ನಿಂತೇ ಇದ್ದಳು. ನೋಡುತ್ತಿದ್ದದ್ದು ಟ್ರಕ್ಕುಗಳನ್ನಲ್ಲ, ರಸ್ತೆಯ ನೆಲವನ್ನು. ಹೋಗಿ ರಟ್ಟೆ ಹಿಡಿದು, ‘ಏನ ಹುಡಕ್ಲಿಕತ್ತಿ ಇಲ್ಲಿ?’ ಎಂದೆ.

‘ಇಲ್ಲಿ ಯಾರೂ ಲಿಂಬಿಹಣ್ಣು ಇಡೂದಿಲ್ಲವ್ವ. ಗಾಡಿ ಹೆಂಗ ನಿಂದರ್ತಾವ?’ ಅಂದಳು.

ನಾನು ರಸ್ತೆಯ ಬದಿಯಲ್ಲೇ ಕುಳಿತುಬಿಟ್ಟೆ, ನೀಲಾ.

ಅವಳು ಮಲಾಡದಲ್ಲಿ ಕಿಟಕಿಯಿಂದ ದಿನಾ ನಿನ್ನನ್ನು ನೋಡುತ್ತಿದ್ದಳಂತೆ. ನೀನು ಇಟ್ಟು ಹೋದ ಮೇಲೆ, ಟ್ರಕ್ಕು ಬಂದು ಆ ಎಲೆಯ ಹತ್ತಿರ ನಿಲ್ಲುವುದನ್ನು ಕಾದು, ಆಗ ಬಾಚಣಿಗೆ ಹಿಡಿದು ದಾಟುತ್ತಿದ್ದಳಂತೆ. ಮೊದಲಿನ ಬಾಚಣಿಗೆ ಏನಾಯಿತು ಎಂದೆ. ಗಾಲಿಯ ಕೆಳಗೆ ಹೋಯಿತು ಅಂದಳು. ‘ಮತ್ತ ನಾ ಕೇಳಿದಾಗ ಯಾಕ ಹೇಳಲಿಲ್ಲ?’ ಎಂದೆ. ‘ಮೌಶಿ ಯಾರಿಗೂ ಹೇಳಿರಲಿಲ್ಲಲ್ಲ, ಅದಕ್ಕ’ ಅಂದಳು. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ನೀನು ಬರೆದಿದ್ದೆ. ನನ್ನ ಮಗಳ ಬಾಯಲ್ಲಿ ಅದು ನೆನೆದು ಮೊಳಕೆಯೊಡೆದಿದೆ.

ಜ್ವರ ನೀರಿನಿಂದ ಬಂದದ್ದೆಂದು ಡಾಕ್ಟರರು ಆಗಲೇ ಹೇಳಿದ್ದರು. ನನಗೆ ಅದು ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಆಗಸ್ಟಿನಲ್ಲಿ ನಾನು ಬರೆದ ಆ ಮಾತು ನನ್ನನ್ನು ಈಗ ಸುಡುತ್ತಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಕ್ಷಮಿಸು ಎಂದು ಕೇಳಲೂ ನಾಚಿಕೆ. ಹೆತ್ತವಳು ಬಾಗಿಲಲ್ಲಿ ಹಾಲಿಗೆ ನಿಂತಿದ್ದಳು, ಕಾಯ್ದವಳು ನೀನು.

ಮರುದಿನ ನಸುಕಿಗೆ ಎದ್ದು ನಾನೇ ಇಟ್ಟೆ. ಅನ್ನಕ್ಕೆ ಕುಂಕುಮ ಕಲಸಿದೆ, ಯಾಕೋ ಸಪ್ಪೆ ಬಣ್ಣ ಬಂತು. ಮೊದಲ ಟ್ರಕ್ಕು ಬರುವುದರೊಳಗೆ ಕಾಗೆಗಳು ಬಂದು ಅನ್ನವನ್ನೆಲ್ಲ ಮುಗಿಸಿ ತೆಂಗಿನ ಹೋಳನ್ನೂ ಎತ್ತಿಕೊಂಡು ಹೋದವು. ಹಣ್ಣೊಂದೇ ಉಳಿಯಿತು. ಆದರೂ ಟ್ರಕ್ಕು ನಿಂತಿತು, ನೀಲಾ. ನನ್ನ ಕಣ್ಣಾರೆ ನೋಡಿದೆ. ಸೇವಂತಿ ಅದರ ಮುಂದೆ ರಾಜಕುಮಾರಿಯ ಹಾಗೆ ನಡೆದು ದಾಟಿದಳು, ಆ ಕಡೆ ಹೋಗಿ ತಿರುಗಿ ನನಗೆ ಕೈ ಬೀಸಿದಳು.

ನಮ್ಮ ವಾಚಮನ್ ಕೊರಗಪ್ಪ, ಮಂಗಳೂರಿನ ಕಡೆಯವನು, ಗೇಟಿನ ಹತ್ತಿರ ನಿಂತು ಎಲ್ಲ ನೋಡಿದ್ದ. ‘ಎಂತ ಅಮ್ಮ ಇದು, ನೀವು ಕೂಡ ಇಂಥದ್ದು ಮಾಡುವುದಾ?’ ಅಂದ. ಬಾಯಿಗೆ ಬಂದಿತ್ತು ಹೇಳಿಬಿಡಲು. ಹಲ್ಲು ಕಚ್ಚಿ ಹಿಡಿದೆ. ಅವತ್ತೇ ಸಂಜೆಗೆ ಮೂರೂ ಮಾಳಿಗೆಗೆ ಸುದ್ದಿಯಾಯಿತು. ಪಕ್ಕದ ಮನೆಯವಳು ನಾನು ಕೊಟ್ಟ ಕೋಸಂಬರಿಯನ್ನು ಬಟ್ಟಲ ಸಮೇತ ಬಾಗಿಲಲ್ಲಿ ಇಟ್ಟು ಹೋಗಿದ್ದಾಳೆ. ಜಿನ್ನೆಯ ಮೆಟ್ಟಿಲಲ್ಲಿ ಎದುರಾದವರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಇದು ಹೇಗಿರುತ್ತದೆಂದು ಈಗ ತಿಳಿಯಿತು. ನೀನು ಇಷ್ಟು ತಿಂಗಳು ಒಬ್ಬಳೇ ಹೇಗೆ ತಡೆದೆಯೋ. ಅದನ್ನು ನಿನಗೆ ತಂದಿಟ್ಟವಳೂ ನಾನೇ, ಅಲ್ಲಿ ಹೇಳಿಕೊಂಡು ತಿರುಗಿದವಳೂ ನಾನೇ.

ಕೇಳುವುದು ಇಷ್ಟು. ಕುಂಕುಮ ಎಷ್ಟು ಹಾಕುತ್ತಿ? ಕಾಗೆಗೆ ಏನು ಮಾಡುತ್ತಿ?

ಸೇವಂತಿಯ ಕೂದಲು ಕಿವಿ ದಾಟಿದೆ. ನನಗೆ ಹೆಣೆಯಲು ಬರುವುದಿಲ್ಲ, ಬಿಗಿಯಾಗುತ್ತದೆ ಎಂದು ಅಳುತ್ತಾಳೆ.

ನಿನ್ನ
ದೇವಕ್ಕ


ಮಲಾಡ
11-3-1971

ದೇವಕ್ಕ,

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಬರಿ ಕುಂಕುಮ ಬೇಡ, ಮೊದಲು ನಾನೂ ಅದನ್ನೇ ಹಾಕುತ್ತಿದ್ದೆ, ಅದು ಮುಗಿದುಹೋಗುತ್ತದೆ, ಬಣ್ಣವೂ ಏರುವುದಿಲ್ಲ. ಅನ್ನಕ್ಕೆ ಅರಿಷಿಣ ಕಲಸಿ ಮೇಲೆ ಸುಣ್ಣದ ತಿಳಿ ಹಾಕು, ರಕ್ತದ ಹಾಗೆ ಕೆಂಪಾಗುತ್ತದೆ, ದೂರದಿಂದಲೇ ಕಾಣುತ್ತದೆ. ಕಾಗೆಗೆ ಖಾರದಪುಡಿ, ಬ್ಯಾಡಗಿಯದಲ್ಲ, ಗುಂಟೂರಿನದು. ತೆಂಗಿನಕಾಯಿ ಇಡಬೇಡ, ಒಡೆದ ಚಿಪ್ಪು ಸಾಕು. ತಿರುಗಿ ನೋಡದೆ ಬರಬೇಕು. ತಿರುಗಿ ನೋಡಿದರೆ ಏನೂ ಆಗುವುದಿಲ್ಲ, ಆದರೆ ನೋಡಿದವರಿಗೆ ನಂಬಿಕೆ ಬರುವುದಿಲ್ಲ.

ಇಲ್ಲಿ ಶಿವರಾತ್ರಿಯ ಅಮಾವಾಸ್ಯೆಯಿಂದ ನಾನು ಹಣ್ಣು ಇಡುವುದನ್ನು ಬಿಟ್ಟಿದ್ದೇನೆ. ಟ್ರಕ್ಕುಗಳು ಬೋರ್ಡಿನ ಹತ್ತಿರ ಬಂದು ಇನ್ನೂ ನಿಲ್ಲುತ್ತಿವೆ, ಆಮೇಲೆ ಸಾವಕಾಶ ಹೋಗುತ್ತಿವೆ. ಮೊನ್ನೆ ಹಣಮಂತ ಬೋರ್ಡಿಗೇ ಕೈ ಮುಗಿದ. ‘ಅದು ಈಗ ಇದರಾಗ ಹೋಗಿ ಕುಂತದೇನ್ರಿ ಅವ್ವಾರ?’ ಎಂದು ಮೆತ್ತಗೆ ಕೇಳಿದ. ಹೌದಪಾ ಎಂದೆ. ಗಂಗುಬಾಯಿಗೆ ಇನ್ನೂ ಹೇಳಿಲ್ಲ. ಎಂದಾದರೂ ಹೇಳುತ್ತೇನೆ, ಅವಳ ಮೊಮ್ಮಗ ದೊಡ್ಡವನಾಗಲಿ.

ನಿನ್ನ ಕಾಗದವನ್ನು ನಮ್ಮವರೂ ಓದಿದರು. ಓದಿ ಕನ್ನಡಕ ಒರೆಸಿದರು. ಈಗ ಮೇಜಿಗೆ ಕುಳಿತು ನಿಮ್ಮ ರಸ್ತೆಗೆ ಬೋರ್ಡು ಬೇಕೆಂದು ಅರ್ಜಿ ಬರೆಯುತ್ತಿದ್ದಾರೆ. ಅಣವೀರಪ್ಪನವರ ಸಹಿ ಬೇಕಂತೆ. ಬೋರ್ಡು ಬರಲು ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಹಣ್ಣು ಬಿಡಬೇಡ.

ನೀನು ಅಂದ ಮಾತು ನೋಯಿಸಿತ್ತು, ಈಗಲೂ ಮುಟ್ಟಿದರೆ ನೋಯುತ್ತದೆ. ನಿನ್ನ ಮೇಲಿನ ಸಿಟ್ಟು ಮಾತ್ರ ಉಳಿದಿಲ್ಲ. ಅದು ಈ ಕಾಗದ ಓದುವಾಗ, ಕೂಸು ತಿರುಗಿ ಕೈ ಬೀಸಿದಳೆಂಬಲ್ಲಿ ಎಲ್ಲಿಯೋ ಹೋಯಿತು.

ಬರುವ ರವಿವಾರ ಬರುತ್ತೇನೆ. ಲೋಕಲ್ ಖಾಲಿ ಇರುತ್ತದೆ, ಮಣೆಯನ್ನೂ ತರುತ್ತೇನೆ. ರವೆ ನಾದಿ ಇಡು. ಬಿಲ್ಡಿಂಗಿನವರು ಯಾರೂ ನಿನ್ನ ಮನೆಗೆ ಬರುವುದಿಲ್ಲವೆಂದರೆ ಒಳ್ಳೆಯದೇ ಆಯಿತು, ಒಣಹಾಕಲು ಮೇಲಿನ ಬಯಲು ಗಚ್ಚಿ ಪೂರ್ತಿ ನಮಗೇ ಸಿಗುತ್ತದೆ. ಹಿಂದಿರುಗುವಾಗ ಕೊರಗಪ್ಪನ ಮುಂದೆ ನನಗೆ ಉಡಿ ತುಂಬಿ ಕಳಿಸು, ನೋಡುವವರು ನೋಡಲಿ.

ಸೇವಂತಿಗೆ ಹೇಳು, ಅವತ್ತು ತಲೆ ಬಾಚಿಕೊಳ್ಳಬಾರದು, ಹಾಗೆಯೇ ಇರಲಿ. ಕೆಂಪು ರಿಬ್ಬನ್ ನನ್ನ ಪೆಟ್ಟಿಗೆಯಲ್ಲೇ ಉಳಿದಿದೆ, ತರುತ್ತಿದ್ದೇನೆ. ಸ್ಟೇಷನ್ನಿನಿಂದ ನಾನೇ ಬರುತ್ತೇನೆ, ಅವಳು ನನ್ನನ್ನು ನೋಡಿ ರಸ್ತೆ ದಾಟಿ ಓಡಿ ಬರುವುದು ಬೇಡ. ಈ ಸಲ ದಾಟುವವಳು ನಾನು. ಅವಳು ಆ ಕಡೆ ನಿಂತು ಕಾಯಲಿ.

ನಿನ್ನ
ನೀಲಾ